ಎರಡನೇ ರಾತ್ರಿ ನಗು ಯಾಕೆ ಇಳಿಯಿತು: ದಾವಣಗೆರೆಯ ಒಂದು ಮನೆಯಲ್ಲಿ ‘ಹೋಂ ಅಲೋನ್ 2’

ದಸರಾ ರಜೆಗೆ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಮನೆಯಲ್ಲಿ 14 ಜನ ಸೇರಿದ್ದರು. ಅಜ್ಜ, ಅಜ್ಜಿ, ಅವರ ಮೂವರು ಮಕ್ಕಳ ಸಂಸಾರ, 4 ವರ್ಷದಿಂದ 16 ವರ್ಷದವರೆಗಿನ ಆರು ಮೊಮ್ಮಕ್ಕಳು. ಮೊದಲ ರಾತ್ರಿ ಟಿವಿಯಲ್ಲಿ ‘ಹೋಂ ಅಲೋನ್’ ಹಾಕಿದರು; ಮನೆಯವರು ಮರೆತು ಬಿಟ್ಟುಹೋದ ಹುಡುಗನೊಬ್ಬ ಮನೆಗೆ ನುಗ್ಗುವ ಇಬ್ಬರು ಕಳ್ಳರನ್ನು ಬಲೆ ಒಡ್ಡಿ ಹಣ್ಣು ಮಾಡುವ ಇಂಗ್ಲಿಷ್ ಹಾಸ್ಯಚಿತ್ರ ಅದು. ಮನೆಯೆಲ್ಲ ನಕ್ಕಿತು. ಇಂಗ್ಲಿಷ್ ಬಾರದ ಅಜ್ಜಿಯೂ ಬಿದ್ದು ಬಿದ್ದು ನಕ್ಕರು. ಮಾರನೇ ರಾತ್ರಿ ಅದೇ ಹುರುಪಿನಲ್ಲಿ ಎರಡನೇ ಭಾಗ ಹಾಕಿದರೆ ಅರ್ಧಕ್ಕೇ ದೊಡ್ಡವರು ಒಬ್ಬೊಬ್ಬರಾಗಿ ಎದ್ದರು, ಕೊನೆಯ ಭಾಗದಲ್ಲಿ ಚಿಕ್ಕದು ಅಳಲು ಶುರು ಮಾಡಿತು. ಅದೇ ನಿರ್ದೇಶಕ, ಅದೇ ಬರಹಗಾರ, ಅದೇ ಹುಡುಗ, ಅದೇ ಇಬ್ಬರು ಕಳ್ಳರು. ಹಾಗಿದ್ದೂ ನಗು ಎಲ್ಲಿ ಸೋರಿತು ಎಂಬುದೇ ಈ ಪ್ರಕರಣ.

‘ಎರಡನೇ ಭಾಗ ಯಾವತ್ತೂ ಮೊದಲಿನಷ್ಟು ಚೆನ್ನಾಗಿರುವುದಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಅದು ಉತ್ತರವಲ್ಲ. ಈ ಚಿತ್ರದಲ್ಲಿ ಮೊದಲಿನದಕ್ಕಿಂತ ಚೆನ್ನಾಗಿರುವ ಜಾಗಗಳೂ ಇವೆ, ಆ ರಾತ್ರಿ ಅಲ್ಲೆಲ್ಲ ಮನೆಯವರು ನಕ್ಕಿದ್ದಾರೆ. ಸೋರಿದ್ದು ಕೆಲವು ನಿರ್ದಿಷ್ಟ ಕಡೆ. ಒಂದು ಕಾರಣವಂತೂ ಚಿತ್ರದ್ದೇ ಅಲ್ಲ, ಆ ಹಾಲ್‌ನದ್ದು. ಅದನ್ನು ಮೊದಲು ಬದಿಗಿಡಬೇಕು.

ಸ್ಪೀಕರ್‌ನ ಪಾಲು

ಮೊದಲ ರಾತ್ರಿ ದನಿ ಟಿವಿಯದ್ದೇ. ಎರಡನೇ ರಾತ್ರಿ ಹುಡುಗರು ಸಣ್ಣ ಪ್ರೊಜೆಕ್ಟರ್ ತಂದು ಬಿಳಿ ಗೋಡೆಗೆ ಬಿಟ್ಟು, ದನಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿದರು. ಚಿತ್ರ ದೊಡ್ಡದಾಯಿತು, ಆದರೆ ದನಿ ಹಿಂದೆ ಬಿತ್ತು. ಬ್ಲೂಟೂತ್‌ನಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಸಾಮಾನ್ಯ. ಸೆಕೆಂಡಿಗೆ 24 ಫ್ರೇಮ್ ಓಡುವ ಚಿತ್ರದಲ್ಲಿ ಅದು ನಾಲ್ಕೈದು ಫ್ರೇಮ್. ಮಾತಿನ ದೃಶ್ಯದಲ್ಲಿ, ಅದರಲ್ಲೂ ಬಾರದ ಭಾಷೆಯಲ್ಲಿ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವ, ಹೊಡೆಸಿಕೊಳ್ಳುವ ಹಾಸ್ಯಕ್ಕೆ ಮಾತ್ರ ಇದು ಮಾರಕ. ಕಳ್ಳನ ತಲೆಗೆ ಡಬ್ಬಿ ಬಡಿದದ್ದು ಕಂಡ ಕ್ಷಣವೇ ‘ಢಣ್’ ಕೇಳಬೇಕು. ಆತ ನೆಲಕ್ಕೆ ಒರಗುವಾಗ ಕೇಳಿದರೆ ಕಣ್ಣಿಗೂ ಕಿವಿಗೂ ತಾಳೆಯಾಗದೆ ನಗು ಗಂಟಲಲ್ಲೇ ಉಳಿಯುತ್ತದೆ. ಕೆಲವು ಟಿವಿ, ಪ್ರೊಜೆಕ್ಟರ್‌ಗಳ ಸೆಟ್ಟಿಂಗ್‌ನಲ್ಲಿ ದನಿಯನ್ನು ಹಿಂದೆಮುಂದೆ ಮಾಡುವ ಅವಕಾಶ ಇರುತ್ತದೆ, ಇಲ್ಲದಿದ್ದರೆ 3.5 ಎಂ.ಎಂ. ಆಕ್ಸ್ ವೈರ್ ಹಾಕಿದರೆ ಮುಗಿಯಿತು.

ಮೂರನೇ ದಿನ ವೈರ್ ಹಾಕಿ ಎರಡೂ ಚಿತ್ರಗಳಿಂದ ಎರಡೆರಡು ತುಣುಕು ಮತ್ತೆ ನೋಡಿದರು: ಮನೆಮಂದಿ ವಿಮಾನ ಹತ್ತುವವರೆಗಿನ ಭಾಗ, ಕಳ್ಳರು ಬಲೆಗಳಿಗೆ ಬೀಳುವ ಭಾಗ. ಎರಡು ಚಿತ್ರಗಳನ್ನು ಹೋಲಿಸಲು ಇದು ಒಳ್ಳೆಯ ಕ್ರಮ. ಪೂರ್ತಿ ಚಿತ್ರ ನೋಡಿ ‘ಅದು ಚಂದ, ಇದು ಸಪ್ಪೆ’ ಎನ್ನುವುದಕ್ಕಿಂತ ಒಂದೇ ಕೆಲಸ ಮಾಡಬೇಕಾದ ಎರಡು ದೃಶ್ಯಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನೋಡಿದರೆ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ದನಿ ಸರಿಹೋದ ಮೇಲೆ ಎರಡನೇ ಚಿತ್ರದ ನಗು ಸ್ವಲ್ಪ ಮರಳಿತು. ಪೂರ್ತಿ ಮರಳಲಿಲ್ಲ. ಉಳಿದದ್ದು ಚಿತ್ರದ ಲೆಕ್ಕ.

ಚಿತ್ರಗಳ ಹಿನ್ನೆಲೆ

‘ಹೋಂ ಅಲೋನ್’ 1990ರ ನವೆಂಬರ್‌ನಲ್ಲಿ ಬಂತು. ಜಾನ್ ಹ್ಯೂಸ್ ಬರೆದು ನಿರ್ಮಿಸಿದ್ದು, ಕ್ರಿಸ್ ಕೊಲಂಬಸ್ ನಿರ್ದೇಶನ, ಜಾನ್ ವಿಲಿಯಮ್ಸ್ ಸಂಗೀತ. 8 ವರ್ಷದ ಕೆವಿನ್ ಪಾತ್ರದಲ್ಲಿ ಮೆಕಾಲೆ ಕಲ್ಕಿನ್, ಕಳ್ಳರಾದ ಹ್ಯಾರಿ ಮತ್ತು ಮಾರ್ವ್ ಆಗಿ ಜೋ ಪೆಶಿ ಮತ್ತು ಡ್ಯಾನಿಯಲ್ ಸ್ಟರ್ನ್, ತಾಯಿಯಾಗಿ ಕ್ಯಾಥರೀನ್ ಒಹಾರಾ. 103 ನಿಮಿಷದ ಈ ಚಿತ್ರ ಜಗತ್ತಿನಾದ್ಯಂತ ಸುಮಾರು 47.6 ಕೋಟಿ ಡಾಲರ್ ಗಳಿಸಿತು. ಎರಡೇ ವರ್ಷಕ್ಕೆ, 1992ರ ನವೆಂಬರ್‌ನಲ್ಲಿ, ಇದೇ ತಂಡ ‘ಹೋಂ ಅಲೋನ್ 2: ಲಾಸ್ಟ್ ಇನ್ ನ್ಯೂಯಾರ್ಕ್’ ತಂದಿತು. 120 ನಿಮಿಷ, ಗಳಿಕೆ ಸುಮಾರು 35.9 ಕೋಟಿ ಡಾಲರ್. ಹಣದ ಲೆಕ್ಕದಲ್ಲಿ ಸೋಲಲ್ಲ, ದೊಡ್ಡ ಗೆಲುವೇ. ಆದರೆ ಅವಧಿ 17 ನಿಮಿಷ ಬೆಳೆಯಿತು. ರಾತ್ರಿ ಎಂಟೂವರೆಗೆ ಹಾಕಿ, ನಡುವೆ ಊಟಕ್ಕೆ ನಿಲ್ಲಿಸುವ ಮನೆಯಲ್ಲಿ ಈ 17 ನಿಮಿಷ ತುಂಬ ಭಾರ.

ಮಗು ಹೇಗೆ ಉಳಿಯಿತು, ಹೇಗೆ ತಪ್ಪಿತು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಪ್ರಕರಣದ ತಿರುಳು ಇಲ್ಲೇ ಇದೆ.

ಹೆತ್ತವರು ಮಗನನ್ನು ಮನೆಯಲ್ಲೇ ಬಿಟ್ಟು ವಿಮಾನ ಹತ್ತುತ್ತಾರೆ ಎಂದರೆ ನೋಡುವವರಿಗೆ ಸಿಟ್ಟು ಬರಬೇಕು. ಮೊದಲ ಚಿತ್ರದಲ್ಲಿ ಸಿಟ್ಟು ಬರುವುದಿಲ್ಲ. ಬಾರದಂತೆ ಹ್ಯೂಸ್ ಒಂದೊಂದೇ ಬಾಗಿಲು ಮುಚ್ಚಿಕೊಂಡು ಬಂದಿದ್ದಾರೆ. ಪ್ಯಾರಿಸ್‌ಗೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ 15 ಜನ. ಪಿಜ್ಜಾಕ್ಕಾಗಿ ಕೆವಿನ್ ಅಣ್ಣ ಬಜ್ ಮೇಲೆ ಬೀಳುತ್ತಾನೆ, ಹಾಲು ಚೆಲ್ಲುತ್ತದೆ. ಮೇಜಿನ ಮೇಲಿದ್ದ ಪಾಸ್‌ಪೋರ್ಟ್, ಟಿಕೆಟ್‌ಗಳನ್ನು ಅಪ್ಪ ಗಡಿಬಿಡಿಯಲ್ಲಿ ಒರೆಸುತ್ತಾನೆ. ಒದ್ದೆ ಪೇಪರ್ ನ್ಯಾಪ್ಕಿನ್‌ಗಳ ಉಂಡೆಯ ಜೊತೆ ಒಂದು ಟಿಕೆಟ್ ಕೂಡ ಕಸದ ಬುಟ್ಟಿಗೆ ಹೋಗುತ್ತದೆ. ಕ್ಯಾಮೆರಾ ಅದನ್ನು ತೋರಿಸಿ ಸುಮ್ಮನಾಗುತ್ತದೆ, ಯಾರೂ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅದು ಕೆವಿನ್‌ನ ಟಿಕೆಟ್. ಇದರಿಂದಾಗಿ ಮರುದಿನ ಗೇಟ್‌ನಲ್ಲಿ ಒಂದು ಟಿಕೆಟ್ ಮಿಕ್ಕಿ ‘ಯಾರೋ ಒಬ್ಬರಿಲ್ಲ’ ಎಂದು ಗೊತ್ತಾಗುವ ದಾರಿಯೇ ಮುಚ್ಚಿತು. ಜಗಳ ಮಾಡಿದ ಹುಡುಗನನ್ನು ಅಟ್ಟದ ಕೋಣೆಗೆ ಅಟ್ಟುತ್ತಾರೆ, ಬೆಳಗ್ಗೆ ಕಣ್ಣಿಗೆ ಬೀಳುವ ಅವಕಾಶ ಹೋಯಿತು. ರಾತ್ರಿ ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ, ಗಡಿಯಾರಗಳೆಲ್ಲ ತಪ್ಪುತ್ತವೆ, ಎಲ್ಲರೂ ತಡವಾಗಿ ಏಳುತ್ತಾರೆ. ವ್ಯಾನ್ ಹತ್ತುವಾಗ ತಲೆ ಎಣಿಸುತ್ತಾರೆ, ಎಣಿಸುವುದಿಲ್ಲ ಎಂದೇನಿಲ್ಲ. ಆದರೆ ಸಾಮಾನು ಕೆದಕುತ್ತಾ ನಿಂತಿದ್ದ ಎದುರು ಮನೆಯ ಹುಡುಗನೂ ಎಣಿಕೆಯಲ್ಲಿ ಸೇರಿಬಿಡುತ್ತಾನೆ, 11 ಮಕ್ಕಳ ಲೆಕ್ಕ ಸರಿಯಾಗಿಯೇ ಬರುತ್ತದೆ. ವಿಮಾನದಲ್ಲಿ ದೊಡ್ಡವರು ಫಸ್ಟ್ ಕ್ಲಾಸ್, ಮಕ್ಕಳು ಹಿಂದೆ. ಆಕಾಶದಲ್ಲಿ ತಾಯಿಗೆ ನೆನಪಾದ ಮೇಲೂ ಫೋನ್ ಮಾಡುವಂತಿಲ್ಲ, ಅದೇ ಗಾಳಿಗೆ ಫೋನ್ ಲೈನೂ ಕೆಟ್ಟಿದೆ.

ಹಾಲು, ಟಿಕೆಟ್, ಅಟ್ಟ, ಕರೆಂಟ್, ಎಣಿಕೆ, ಸೀಟು, ಫೋನ್: ಏಳು ಕೊಂಡಿ. ಒಂದು ತಪ್ಪಿದರೂ ಕಥೆ ನಿಲ್ಲುತ್ತಿತ್ತು. ಅಷ್ಟೂ ಒಂದು ತುಂಬಿದ ಮನೆಯಲ್ಲಿ ದಿನಾ ಆಗುವಂಥವೇ. ಮದುವೆಗೆ ಎರಡು ಗಾಡಿ ಮಾಡಿಕೊಂಡು ಹೊರಡುವಾಗ ‘ಅವನು ಆ ಗಾಡಿಯಲ್ಲಿರಬೇಕು’ ಎಂದುಕೊಂಡು ಎರಡೂ ಗಾಡಿಯವರು ಹೊರಟುಬಿಡುವುದು ನಮ್ಮ ಕಡೆ ಕೇಳದ ಸಂಗತಿಯೇನಲ್ಲ. ಅಜ್ಜಿಗೆ ಅಷ್ಟು ಬೇಗ ಹಿಡಿಸಿದ್ದೂ ಇದಕ್ಕೇ.

ಎರಡನೇ ಚಿತ್ರದಲ್ಲಿ ಮನೆಯವರು ಫ್ಲಾರಿಡಾದ ಮಯಾಮಿಗೆ ಹೊರಡುತ್ತಾರೆ. ಅಪ್ಪ ವಿಡಿಯೊ ಕ್ಯಾಮೆರಾದ ಚಾರ್ಜರ್ ಹಾಕಲು ಗಡಿಯಾರದ ಪ್ಲಗ್ ಕಿತ್ತು, ಮತ್ತೆ ಎಲ್ಲರೂ ತಡವಾಗಿ ಏಳುತ್ತಾರೆ. ಈ ಸಲ ಕೆವಿನ್ ಕೈಗೆ ಟಿಕೆಟ್ ಬರುತ್ತದೆ, ವ್ಯಾನ್‌ನಲ್ಲಿ ಆತ ಇರುವುದನ್ನೂ ನೋಡಿಕೊಳ್ಳುತ್ತಾರೆ. ವಿಮಾನ ನಿಲ್ದಾಣದಲ್ಲಿ ಓಡುವಾಗ ಆತ ತನ್ನ ಟಾಕ್‌ಬಾಯ್ ಎಂಬ ರೆಕಾರ್ಡರ್‌ಗೆ ಬ್ಯಾಟರಿ ಹಾಕಲು ನಿಲ್ಲುತ್ತಾನೆ, ಅಪ್ಪನ ಕೋಟಿನಂಥದೇ ಕೋಟು ತೊಟ್ಟ ಇನ್ಯಾರದೋ ಹಿಂದೆ ಓಡುತ್ತಾನೆ, ಗೇಟ್‌ನಲ್ಲಿ ಸಿಬ್ಬಂದಿಗೆ ಡಿಕ್ಕಿ ಹೊಡೆದು ಬೋರ್ಡಿಂಗ್ ಪಾಸ್‌ಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ನ್ಯೂಯಾರ್ಕ್ ವಿಮಾನ ಹತ್ತಿಬಿಡುತ್ತಾನೆ. ಇಡೀ ಭಾರ ಒಂದು ಕೋಟಿನ ಮೇಲೆ, ಒಂದು ಡಿಕ್ಕಿಯ ಮೇಲೆ.

ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದ 16ರ ಮೊಮ್ಮಗಳಿಗೆ ಅಜ್ಜಿ ಅಂದರು: ‘ನಿನ್ನೆ ಇವನ್ನ ಬಿಟ್ ಹೋಗಿದ್ರು. ಇವತ್ತು ಇವನೇ ತಪ್ಪಿಸ್ಕಂಡನಲ್ಲೇ.’ ವಿಮರ್ಶೆಯೆಲ್ಲ ಈ ಒಂದು ಮಾತಿನಲ್ಲಿದೆ. ಮೊದಲನೆಯದರಲ್ಲಿ ತಪ್ಪು ಮನೆಯದು. ‘ನನ್ನ ಮನೆಯವರೆಲ್ಲ ಮಾಯವಾಗಲಿ’ ಎಂದು ಬೇಡಿಕೊಂಡ ಹುಡುಗನಿಗೆ ಬೆಳಗ್ಗೆ ಎದ್ದರೆ ಬೇಡಿದ್ದೇ ಆಗಿಬಿಟ್ಟಿದೆ. ಮೊದಲು ಖುಷಿ, ಆಮೇಲೆ ಹೆದರಿಕೆ, ಕಡೆಗೆ ಪಶ್ಚಾತ್ತಾಪ. ತಾಯಿಗೂ ಅಷ್ಟೇ ಪಶ್ಚಾತ್ತಾಪ. ಎರಡು ಕಡೆಯಿಂದ ಇಬ್ಬರೂ ಒಬ್ಬರ ಕಡೆಗೊಬ್ಬರು ನಡೆಯುವುದೇ ಕಥೆಯ ಬೆನ್ನೆಲುಬು. ಎರಡನೆಯದರಲ್ಲೂ ಜಗಳವಿದೆ, ಒಬ್ಬನೇ ರಜೆಗೆ ಹೋಗಬೇಕೆಂಬ ಆಸೆಯಿದೆ. ಆದರೆ ಆತ ದಾರಿ ತಪ್ಪಿದ್ದಕ್ಕೂ ಆ ಆಸೆಗೂ ಕೊಂಡಿ ಸಡಿಲ. ತಾಯಿ ಮತ್ತೆ ‘ಕೆವಿನ್!’ ಎಂದು ಚೀರಿದಾಗ ಮೊದಲ ರಾತ್ರಿ ಎದೆ ಝಲ್ಲೆಂದಿದ್ದವರು ಎರಡನೇ ರಾತ್ರಿ ‘ಆಹಾ, ಬಂತು ನೋಡು’ ಎಂದರು.

ಮತ್ತೆ ಮಾಡಿದ್ದೇ ತಪ್ಪೇ?

ಅಲ್ಲ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥವು ಮೆರೆದ ಊರಿದು. ಕಂಪನಿ ನಾಟಕದಲ್ಲಿ ಹಾಸ್ಯಗಾರ ಹೋದ ನಾಟಕದ ಅದೇ ನಡಿಗೆ, ಅದೇ ತೊದಲು ತಂದರೆ ಜನ ಬೇಸರಿಸಲಿಲ್ಲ, ‘ವನ್ಸ್ ಮೋರ್’ ಎಂದರು. ಅಂಥ ನಾಟಕಗಳನ್ನು ರಾತ್ರಿಯಿಡೀ ಕೂತು ನೋಡಿದ ಅಜ್ಜ ಆ ರಾತ್ರಿ ಎದ್ದು ಹೋಗದೆ ಕೊನೆವರೆಗೂ ಕೂತದ್ದು ಸುಮ್ಮನೆ ಅಲ್ಲ. ಗೊತ್ತಿರುವುದನ್ನು ಮತ್ತೆ ನೋಡುವ ಸುಖ ಬಲ್ಲವರು ಅವರು. ಅವರು ಜೋರಾಗಿ ನಕ್ಕದ್ದು ಎರಡು ಕಡೆ, ಎರಡೂ ಮೊದಲ ಚಿತ್ರದ ಮರುಬಳಕೆಯೇ.

ಒಂದು, ಪೇಂಟ್ ಡಬ್ಬಿ. ಮೊದಲ ಚಿತ್ರದಲ್ಲಿ ಕೆವಿನ್ ಮೆಟ್ಟಿಲ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಪೇಂಟ್ ಡಬ್ಬಿಗಳನ್ನು ತೂಗಿಬಿಟ್ಟು ಇಬ್ಬರನ್ನೂ ಕೆಡವುತ್ತಾನೆ. ಎರಡನೆಯದರಲ್ಲಿ ಡಬ್ಬಿ ಮತ್ತೆ ಬರುತ್ತವೆ. ಕಳ್ಳರಿಗೆ ನೆನಪಿದೆ, ನಮಗೂ ನೆನಪಿದೆ. ಅವರು ಬಗ್ಗಿ ತಪ್ಪಿಸಿಕೊಂಡು, ಏಟು ಬಿದ್ದವರಂತೆ ಸುಳ್ಳೇ ಕೂಗುತ್ತಾರೆ. ಗೆದ್ದೆವೆಂದು ತಲೆಯೆತ್ತಿದಾಗ ದೊಡ್ಡ ಕಬ್ಬಿಣದ ಪೈಪ್ ಬಂದು ಇಬ್ಬರನ್ನೂ ಹೊತ್ತೊಯ್ಯುತ್ತದೆ. ಹಳೆಯ ಏಟಿನ ನೆನಪನ್ನೇ ಹೊಸ ಬಲೆ ಮಾಡಿದ್ದಾರೆ. ಮೊದಲ ಚಿತ್ರ ನೋಡದವರಿಗೆ ಇದು ಅರ್ಧವೇ ಸಿಗುತ್ತದೆ. ಎರಡನೇ ಭಾಗ ಮಾಡಬೇಕಾದ ಕೆಲಸವೆಂದರೆ ಇದೇ.

ಇನ್ನೊಂದು, ಚಿತ್ರದೊಳಗಿನ ಹಳೇ ಕಪ್ಪುಬಿಳುಪು ಗೂಂಡಾ ಚಿತ್ರ. ಅದು ನಿಜವಾದ ಹಳೇ ಚಿತ್ರವಲ್ಲ, ಇದಕ್ಕೆಂದೇ ಚಿತ್ರೀಕರಿಸಿದ್ದು. ಮೊದಲನೆಯದರಲ್ಲಿ ಕೆವಿನ್ ಅದರ ಮಾತು, ಗುಂಡಿನ ಸದ್ದು ಕೇಳಿಸಿ ಪಿಜ್ಜಾ ತಂದ ಹುಡುಗನನ್ನು ಓಡಿಸುತ್ತಾನೆ. ಎರಡನೆಯದರಲ್ಲಿ ಅದರದ್ದೇ ಮುಂದಿನ ಭಾಗವನ್ನು ಹಾಕಿ, ನ್ಯೂಯಾರ್ಕ್‌ನಲ್ಲಿ ತಾನು ಉಳಿದುಕೊಂಡ ಪ್ಲಾಜಾ ಹೋಟೆಲಿನ ಸಿಬ್ಬಂದಿಯನ್ನೆಲ್ಲ ನೆಲಕ್ಕೆ ಬೀಳಿಸುತ್ತಾನೆ. ಟಿಮ್ ಕರಿ ಮಾಡಿದ ಹೋಟೆಲ್ ಅಧಿಕಾರಿ ಆ ಠೀವಿಯಿಂದ ಮಂಡಿಗೆ ಇಳಿಯುವುದರಲ್ಲಿ ಹೆಚ್ಚಿನ ಮಜಾ ಇದೆ. ಪಿಜ್ಜಾ ಹುಡುಗ ಬಡಪಾಯಿ, ಈತ ಮೊದಲಿನಿಂದ ಹುಡುಗನ ಮೇಲೆ ಕಣ್ಣಿಟ್ಟವನು. ಬೀಳುವವನು ಎತ್ತರದಲ್ಲಿದ್ದಷ್ಟೂ ನಗು ಹೆಚ್ಚು. ಇದು ಮೊದಲನೆಯದಕ್ಕಿಂತ ಚೆನ್ನಾಗಿದೆ ಎನ್ನಲು ಹಿಂಜರಿಯಬೇಕಿಲ್ಲ.

ಮರುಬಳಕೆ ಸೋತದ್ದು ಹೆಸರು, ವೇಷ ಮಾತ್ರ ಬದಲಾದ ಕಡೆ. ಮೊದಲನೆಯದರ ಒಂಟಿ ಮುದುಕ ಮಾರ್ಲಿ, ಎರಡನೆಯದರಲ್ಲಿ ಸೆಂಟ್ರಲ್ ಪಾರ್ಕ್‌ನ ಪಾರಿವಾಳದ ಹೆಂಗಸು. ಇಬ್ಬರಿಗೂ ಹುಡುಗ ಮೊದಲು ಹೆದರುತ್ತಾನೆ, ಆಮೇಲೆ ಸ್ನೇಹ, ಕೊನೆಗೆ ಅವರಿಂದಲೇ ಪಾರಾಗುತ್ತಾನೆ. ಆ ಹೆಂಗಸಿನ ಪಾತ್ರವನ್ನು ಬ್ರೆಂಡಾ ಫ್ರಿಕರ್ ಮನಮುಟ್ಟುವಂತೆ ಮಾಡಿದ್ದಾರೆ, ಆದರೆ ಮಾರ್ಲಿಯ ದುಃಖ ಮಗನೊಂದಿಗಿನ ಮನಸ್ತಾಪ. ಮನೆಯವರಿಲ್ಲದ ಹುಡುಗನಿಗೆ ಅದು ನೇರ ತಟ್ಟುತ್ತದೆ. ಪಾರಿವಾಳದ ಹೆಂಗಸಿನದು ಪ್ರೀತಿಯಲ್ಲಿ ಒಡೆದ ಮನಸ್ಸು, ಹುಡುಗ ಅದಕ್ಕೆ ಕೊಡುವ ಸಮಾಧಾನ ವಯಸ್ಸಿಗೆ ಮೀರಿದ್ದು.

ಗೊತ್ತಿಲ್ಲದ ಮನೆ

ಮೂರನೇ ದಿನ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು ಕೇಳಿದ ಪ್ರಶ್ನೆ ಒಂದೇ: ಬಲೆಗೆ ಬಳಸಿದ ವಸ್ತುವನ್ನೋ ಜಾಗವನ್ನೋ ಅದಕ್ಕೂ ಮೊದಲು ಎಲ್ಲಿ ನೋಡಿದ್ದೀರಿ? ಮೊದಲ ಚಿತ್ರಕ್ಕೆ ಹಾಳೆ ತುಂಬಿತು. ಬಜ್‌ನ ಏರ್‌ಗನ್, ಬಜ್‌ನ ಕೋಣೆಯಿಂದ ತಪ್ಪಿಸಿಕೊಂಡ ದೊಡ್ಡ ಜೇಡ, ಹಿಮದಲ್ಲಿ ಜಾರುವ ಸ್ಲೆಡ್ ಗಾಡಿಯಲ್ಲಿ ಕೆವಿನ್ ಜಾರಿ ಇಳಿದಿದ್ದ ಮೆಟ್ಟಿಲು, ಆತ ಹೆದರುತ್ತಿದ್ದ ನೆಲಮಾಳಿಗೆ, ಕ್ರಿಸ್‌ಮಸ್ ಮರದ ಗಾಜಿನ ಗುಂಡು. ಎಲ್ಲವೂ ಮೊದಲೇ ಬಂದವೇನಲ್ಲ, ಆದರೆ ಮನೆಯ ನಕ್ಷೆ ನೋಡುವವರ ತಲೆಯಲ್ಲಿ ಕೂತಾಗಿತ್ತು. ಮಾರ್ವ್ ನೆಲಮಾಳಿಗೆಗೆ ಇಳಿದಾಗ ಹ್ಯಾರಿ ಎಲ್ಲಿದ್ದಾನೆ, ಹುಡುಗ ಎಲ್ಲಿದ್ದಾನೆ ಎಂಬುದು 7 ವರ್ಷದವನಿಗೂ ಗೊತ್ತು. ಹಾಗಾಗಿ ಏಟು ಬೀಳುವ ಮೊದಲೇ ಮಕ್ಕಳು ‘ಅಯ್ಯೋ ಅಲ್ಲಿ ಹೋಗಬ್ಯಾಡಲೇ’ ಎಂದು ಕಳ್ಳನಿಗೇ ಕೂಗಿದರು. ಆ ಕೂಗಿನಲ್ಲಿ ನಗು ಆಗಲೇ ತುಂಬಿಕೊಂಡಿರುತ್ತದೆ, ಏಟು ಅದನ್ನು ಬಿಡಿಸುತ್ತದೆ ಅಷ್ಟೇ.

ಎರಡನೆಯದರ ಬಲೆಗಳು ನ್ಯೂಯಾರ್ಕ್‌ನಲ್ಲಿ ರಾಬ್ ಚಿಕ್ಕಪ್ಪನ, ರಿಪೇರಿಗೆಂದು ಖಾಲಿ ಬಿಟ್ಟ ಮನೆಯಲ್ಲಿವೆ. ಅದಕ್ಕೂ ಮೊದಲು ಆ ಮನೆ ಬಂದದ್ದು ಅಷ್ಟಕ್ಕಷ್ಟೆ. ಸ್ಟೇಪಲ್ ಗನ್, ವೆಲ್ಡಿಂಗ್ ಯಂತ್ರ, ಸೀಮೆಎಣ್ಣೆ, ಪೇಂಟ್: ಎಲ್ಲವೂ ಕಟ್ಟಡದ ಕೆಲಸದ ಸಾಮಾನು, ಯಾರದೂ ಅಲ್ಲದ ಸಾಮಾನು. ಮಕ್ಕಳ ಹಾಳೆ ಬಹುತೇಕ ಖಾಲಿ. ಇನ್ನೊಂದು ಕೊರತೆಯೂ ಇದೆ. ಅಲ್ಲಿ ಹುಡುಗ ತನ್ನ ಮನೆ ಕಾಯುತ್ತಿದ್ದ. ಇಲ್ಲಿ ಮಕ್ಕಳ ಆಸ್ಪತ್ರೆಗೆ ಸೇರಬೇಕಾದ ಆಟಿಕೆ ಅಂಗಡಿಯ ಹಣ ಕಾಯಲು ಕಳ್ಳರನ್ನು ತಾನೇ ಕರೆದು ತರುತ್ತಾನೆ. ಉದ್ದೇಶ ದೊಡ್ಡದೇ, ಆದರೆ ಕರೆದು ತಂದು ಹೊಡೆಯುವಾಗ ಏಟಿನ ಬಣ್ಣವೇ ಬದಲಾಗುತ್ತದೆ.

ನಾಲ್ಕು ಇಟ್ಟಿಗೆ

ಚಿಕ್ಕದು ಅತ್ತದ್ದು ಇಲ್ಲಿ. ಕೆವಿನ್ ಮಾಳಿಗೆಯ ಮೇಲಿನಿಂದ ಇಟ್ಟಿಗೆ ಎಸೆಯುತ್ತಾನೆ, ಕೆಳಗೆ ರಸ್ತೆಯಲ್ಲಿ ನಿಂತ ಮಾರ್ವ್‌ನ ಹಣೆಗೆ ಬೀಳುತ್ತದೆ. ಆತ ಏಳುತ್ತಾನೆ, ಮತ್ತೊಂದು. ಹೀಗೆ ನಾಲ್ಕು ಸಲ, ಅದೇ ಮನುಷ್ಯನ ಅದೇ ಹಣೆಗೆ.

ಕಟ್ಟಡ ಕಾಂಟ್ರಾಕ್ಟರ್ ಆಗಿರುವ ದೊಡ್ಡಪ್ಪ ನಗಲಿಲ್ಲ. ‘ಇಟ್ಟಿಗಿ ಮ್ಯಾಲಿಂದ ಬೀಳದು ನಗೋ ವಿಷಯ ಅಲ್ಲ ಬಿಡ್ರಿ’ ಎಂದು ಎದ್ದರು. ಲೆಕ್ಕ ಅವರ ಪರವಾಗಿಯೇ ಇದೆ. ನಮ್ಮ ಕಡೆಯ ಒಂದು ಇಟ್ಟಿಗೆ ಸುಮಾರು 3 ಕೆ.ಜಿ. ಎತ್ತರ 10 ಮೀಟರ್ ಎಂದುಕೊಂಡರೆ ಸುಮ್ಮನೆ ಬಿಟ್ಟರೂ ಕೆಳಗೆ ಬರುವಾಗ ಗಂಟೆಗೆ 50 ಕಿ.ಮೀ. ವೇಗ. ಹೆಲ್ಮೆಟ್ ಇಲ್ಲದ ತಲೆಗೆ ಒಂದೇ ಸಾಕು.

ಹಾಗೆ ನೋಡಿದರೆ ಮೊದಲ ಚಿತ್ರದ ತುಂಬಿದ ಪೇಂಟ್ ಡಬ್ಬಿ, ಒಗೆಯುವ ಬಟ್ಟೆ ಕೆಳಗೆ ಹಾಕುವ ಕೊಳವೆಯಿಂದ ಮುಖಕ್ಕೆ ಬೀಳುವ ಇಸ್ತ್ರಿಪೆಟ್ಟಿಗೆ ಕೂಡ ಜೀವ ತೆಗೆಯುವಂಥವೇ. ಹಿಂಸೆ ಅಲ್ಲಿ ಇರಲಿಲ್ಲ ಎನ್ನುವುದು ತಪ್ಪಾಗುತ್ತದೆ. ವ್ಯತ್ಯಾಸ ಜೋಡಣೆಯಲ್ಲಿದೆ. ಅಲ್ಲಿ ಒಂದು ಬಲೆಗೆ ಒಂದೇ ಏಟು. ಮಾರ್ವ್ ದೀಪದ ದಾರವೆಂದು ಎಳೆದದ್ದರಿಂದ ಇಸ್ತ್ರಿಪೆಟ್ಟಿಗೆ ಬಿತ್ತು, ಹ್ಯಾರಿ ಕಾದ ಹಿಡಿಕೆ ಮುಟ್ಟಿದ್ದರಿಂದ ಕೈ ಸುಟ್ಟಿತು. ಬಲೆ ಹುಡುಗನದು, ಎಳೆದ ಕೈ ಕಳ್ಳನದೇ. ಅವರ ದುರಾಸೆಯೇ ಅವರನ್ನು ಹೊಡೆಯುತ್ತದೆ. ಇಟ್ಟಿಗೆಯಲ್ಲಿ ಆ ನಡುವಿನ ಹೆಜ್ಜೆ ಇಲ್ಲ. ಹುಡುಗ ಗುರಿಯಿಟ್ಟು ಎಸೆಯುತ್ತಾನೆ, ಕಳ್ಳ ಸುಮ್ಮನೆ ನಿಂತಿರುತ್ತಾನೆ. ನಾಲ್ಕು ವರ್ಷದ ಕೂಸು ಕಂಡದ್ದು ಒಬ್ಬ ದೊಡ್ಡ ಹುಡುಗ ಒಬ್ಬನಿಗೆ ಕಲ್ಲು ಹೊಡೆಯುವುದನ್ನು. ಅತ್ತದ್ದರಲ್ಲಿ ತಪ್ಪೇನೂ ಇಲ್ಲ.

ಮನೆಯಲ್ಲಿ ನೋಡುವವರಿಗೆ

ಎರಡನ್ನೂ ಬೆನ್ನಿಗೆ ಬೆನ್ನು ರಾತ್ರಿ ಹಾಕಬೇಡಿ, ವಾರವಾದರೂ ಬಿಡಿ. ಬಿಟ್ಟರೆ ಮರುಬಳಕೆ ಹಳೇ ಗೆಳೆಯನಂತೆ ಬರುತ್ತದೆ, ಬಿಡದಿದ್ದರೆ ನಿನ್ನೆಯ ಸಾರಿನಂತೆ. ಸಂಜೆ ಆರೂವರೆಗೆ ಶುರು ಮಾಡಿದರೆ ಎಂಟೂವರೆಗೆ ಮುಗಿದು ಊಟಕ್ಕೆ ಏಳಬಹುದು. ಮಂಡಕ್ಕಿ, ಮಿರ್ಚಿಯನ್ನು ಕೆವಿನ್ ಹೋಟೆಲಿಗೆ ಹೋಗುವ ಹೊತ್ತಿಗೆ ತನ್ನಿ. ಅಲ್ಲಿ ಕಣ್ಣಿಗೆ ಹಬ್ಬ, ಮಾತು ಕಡಿಮೆ ಕೇಳಿದರೂ ನಡೆಯುತ್ತದೆ. ಬಲೆಗಳ ಹೊತ್ತಿಗೆ ತಟ್ಟೆಯ ಸದ್ದು ಇರಬಾರದು. ಇಂಗ್ಲಿಷ್ ಬಾರದ ಹಿರಿಯರಿಗೆ ಹೇಳುವವರು ದೃಶ್ಯ ನಡೆಯುವಾಗ ಅನುವಾದಿಸುವುದಕ್ಕಿಂತ, ಹೊರಡುವ ದೃಶ್ಯಕ್ಕೂ ಮೊದಲು ಅರ್ಧ ನಿಮಿಷ ನಿಲ್ಲಿಸಿ ‘ಆ ಕೋಟು ನೋಡ್ತಿರಿ ಅಜ್ಜಿ’ ಎಂದಷ್ಟೇ ಹೇಳಿದರೆ ಸಾಕು. ಆರಕ್ಕಿಂತ ಚಿಕ್ಕ ಮಕ್ಕಳಿದ್ದರೆ ಇಟ್ಟಿಗೆಯ ಭಾಗ ದಾಟಿಸಿ. ಕಥೆಗೆ ಏನೂ ಕೊರತೆಯಾಗುವುದಿಲ್ಲ.

ಮೂರನೇ ಭಾಗದ ವಿಷಯವೂ ಆ ಮನೆಯಲ್ಲಿ ಬಂತು. 1997ರ ‘ಹೋಂ ಅಲೋನ್ 3’ರಲ್ಲಿ ಕೆವಿನ್ ಇಲ್ಲ, ಆ ಕುಟುಂಬವೂ ಇಲ್ಲ. ಬರೆದವರು ಹ್ಯೂಸ್, ನಿರ್ದೇಶನ ಮಾತ್ರ ರಾಜಾ ಗೊಸ್ನೆಲ್. ಸಿಡುಬಿನಂಥ ಚಿಕನ್‌ಪಾಕ್ಸ್ ಬಂದು ಮನೆಯಲ್ಲಿ ಉಳಿದ ಹುಡುಗ, ಆಟಿಕೆ ಕಾರಿನಲ್ಲಿ ಅಡಗಿಸಿದ ಕ್ಷಿಪಣಿಯ ಚಿಪ್, ಅದಕ್ಕಾಗಿ ಬರುವ ನಾಲ್ವರು. ಕೆವಿನ್‌ಗಾಗಿ ಕಾದು ಕೂತರೆ ನಿರಾಸೆ ಖಂಡಿತ. ಆದರೆ ಹುಡುಗ ಮನೆಯಲ್ಲಿ ಒಬ್ಬನೇ ಯಾಕಿದ್ದಾನೆ ಎಂಬುದಕ್ಕೆ ಅದರಲ್ಲಿ ನಂಬುವಂಥ ಕಾರಣವಿದೆ, ಕಾಯುವ ಮನೆಯೂ ಅವನದೇ. ಹೆಸರು ಮರೆತು ಬೇರೆ ಚಿತ್ರವೆಂದು ಹಾಕಿದರೆ ಎಂಟು ಹತ್ತು ವರ್ಷದ ಮಕ್ಕಳು ಕೂತು ನೋಡುತ್ತಾರೆ.